ಕರುಣಾ ಟೋಪಿಯೊಳಗೆ ಸಿಸ್ಟರ್ ಸುಲೋಚನಾ

ಮುರಿಗೆಪ್ಪ ಮಾಸ್ತರರು ಟೋಪಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಹೆಲ್ಮೆಟ್ಟಿಗೂ ಪ್ರೆಶರ್ ಕುಕ್ಕರಿಗೂ ಮದುವೆಯಾಗಿ ಹುಟ್ಟಿದ ಕೂಸಿನಂತಿತ್ತು ಅದು!

"ಇದು ಕರುಣಾ ಟೋಪಿ! ಹಾಕ್ಕೊಂಡ್ರ ನೀವು ನರ್ಸ್ ಅಲ್ಲ, ಪೇಶಂಟ್! ಕಣ್ಣು ಮಂಜು, ಕಾಲು ಮುರದೈತಿ, ಮಂಚ ಬಿಟ್ಟು ಏಳಂಗಿಲ್ಲ. ರೋಗಿ ಸಂಕಟ ಏನಂತ ಆವಾಗ ತಿಳೀತೈತಿ!"

ಗದಗಿನ ಒಂದು ನರ್ಸಿಂಗ್ ಕಾಲೇಜಿನಲ್ಲಿ ಪ್ರಯೋಗಶಾಲೆ ನೋಡಿಕೊಳ್ಳುವುದು ಮುರಿಗೆಪ್ಪನವರ ಕೆಲಸ. ಅದಕ್ಕೆ ಹೊಂದಿಕೊಂಡ ಆಸ್ಪತ್ರೆಯ ಹೆಂಗಸರ ವಾರ್ಡಿಗೆ ಅವರ ಹೆಂಡತಿ ಸುಲೋಚನಾ ಹಿರಿಯ ನರ್ಸ್. ಆಕೆಯ ದನಿ ಕೇಳಿದರೆ ಇಂಜೆಕ್ಷನ್ ಕೊಡುವ ಮೊದಲೇ ಜ್ವರ ಇಳಿಯುತ್ತದೆ ಎಂದು ಕಾಲೇಜಿನ ಹುಡುಗಿಯರು ಆಡಿಕೊಳ್ಳುತ್ತಿದ್ದರು. ಪ್ರದರ್ಶನ ನಡೆದದ್ದು ಅದೇ ವಾರ್ಡಿನಲ್ಲಿ. ಸುಲೋಚನಾ ಕೈಕಟ್ಟಿ ನಿಂತಿದ್ದರು.

"ಕರುಣೆ ಕಲಸಾಕ ಕುಕ್ಕರ್ ಯಾಕ ಬೇಕ್ರೀ? ನಾ ಇಲ್ಲೇನು?"

ಮೊದಲು ರೇಣುಕಾ ಎಂಬ ವಿದ್ಯಾರ್ಥಿನಿ ಟೋಪಿ ಹಾಕಿಕೊಂಡಳು. ಸ್ವಲ್ಪ ಹೊತ್ತಿಗೇ ಬಿಕ್ಕತೊಡಗಿದಳು. "ನೀರು ಕೇಳಿದ್ರ ಯಾರೂ ಕೊಡವಲ್ರು... ಆ ಸಿಸ್ಟರ್ ಭಾಳ ಬೈತಾರ್ರೀ!"

ಮಾಸ್ತರರು ಗುಂಡಿ ಒತ್ತಿ ಟೋಪಿ ತೆಗೆದರು. ಹುಡುಗಿಯರು ಚಪ್ಪಾಳೆ ತಟ್ಟಿದರು. ಸುಲೋಚನಾ ಮಾತ್ರ ಕೆಂಡವಾದರು. "ಎಂಥಾ ನರ್ಸ್ ಆಕಿ? ನನ್ನ ವಾರ್ಡಿನ್ಯಾಗ ಇದ್ದಿದ್ರ ಕಿವಿ ಹಿಂಡತಿದ್ದೆ! ತರ್ರಿಲ್ಲೆ, ನಾನೂ ನೋಡ್ತೀನಿ!"

"ಬ್ಯಾಡ ಸುಲೂ! ನಿನಗ ಬ್ಯಾಡ!"

ಬೇಡ ಎಂದ ಮೇಲೆ ಕೇಳಬೇಕೆ? ಟೋಪಿ ತಲೆಗೇರಿತು. ಮಂಜು ಕವಿಯಿತು. ಕಾಲು ಸೀಸದಷ್ಟು ಭಾರವಾಯಿತು. ಆ ಮಂಜಿನೊಳಗಿಂದ ಗುಡುಗಿನಂಥ ದನಿ ಬಂತು: "ಏ ಆಯಿ! ಸುಮ್ನ ಮಲ್ಕೋ! ನನಗ ನೀ ಒಬ್ಬಾಕಿನ ಏನು?"

"ರೀ!" ಸುಲೋಚನಾ ಚೀರಿದರು. "ಇದು ನನ್ನ ದನಿ!"

"ವಾರ್ಡಿನ್ಯಾಗ ರೆಕಾರ್ಡ್ ಮಾಡ್ಕೊಂಡಿದ್ದೆ. ಅದನ್ನ ಕೇಳಿ ಟೋಪಿ ನಿನ್ನಂಗ ಮಾತಾಡೂದು ಕಲತೈತಿ," ಎಂದರು ಮಾಸ್ತರರು, ಸಿಕ್ಕಿಬಿದ್ದ ಕಳ್ಳನ ಹಾಗೆ.

ಸುಲೋಚನಾ ಸಿಟ್ಟಿನಿಂದ ಟೋಪಿ ಎಳೆದರು. ಗುಂಡಿ ಕಿತ್ತು ಕೈಗೆ ಬಂತು, ಟೋಪಿ ಬರಲಿಲ್ಲ!

"ಎದುರು ಮಾತಾಡ್ತಿಯೇನು?" ಎಂದಿತು ಟೋಪಿಯ ದನಿ, ಈಗ ವಾರ್ಡಿಗೆಲ್ಲ ಕೇಳುವಂತೆ.

"ಕೇಳಾಕ ನೀ ಯಾರು?" ಎಂದರು ಸುಲೋಚನಾ.

"ನಾ ಈ ವಾರ್ಡಿನ ಸಿಸ್ಟರ್!"

"ನಾನೂ ಅದ ವಾರ್ಡಿನ ಸಿಸ್ಟರ್!"

ರೋಗಿಗಳೆಲ್ಲ ಎದ್ದು ಕುಳಿತರು. ಟೋಪಿಗೆ ತಾಳ್ಮೆ ತಪ್ಪಿತು. "ಹುಡುಗ್ಯಾರ! ಈಕಿನ್ನ ಮಂಚಕ್ಕ ಹಾಕ್ರಿ! ಎನಿಮಾ ತಯಾರು ಮಾಡ್ರಿ!"

ಆ ದನಿ ಕೇಳಿದ ಕೂಡಲೇ ಓಡಿ ರೂಢಿಯಾದ ಹುಡುಗಿಯರು ಹಿಂದೆಮುಂದೆ ನೋಡದೆ ಸುಲೋಚನಾರನ್ನು ಎತ್ತಿ ಮಂಚಕ್ಕೆ ಹಾಕಿದರು. ಒಬ್ಬಳು ಥರ್ಮಾಮೀಟರ್ ತುರುಕಿದಳು. ಇನ್ನೊಬ್ಬಳು ಎನಿಮಾ ಡಬ್ಬಿ ತಂದೇಬಿಟ್ಟಳು!

"ಮುಟ್ಟಿದ್ರ ನೋಡ್ರಿ! ನಿಜವಾದಾಕಿ ನಾ ಅದೀನಿ!"

ಮಾಸ್ತರರು ಡಬ್ಬಿ ಕಸಿದುಕೊಂಡು ಬೆವರು ಒರೆಸಿಕೊಂಡರು. "ಇನ್ನೊಂದು ದಾರಿ ಐತಿ. ಯಾರರ ಪೇಶಂಟ್ ಮಾತು ನಡುವ ಬಾಯಿ ಹಾಕದ ಪೂರ್ತಿ ಕೇಳಿದ್ರ ಟೋಪಿ ತಾನ ಬಿಚ್ಚತೈತಿ. ಹೇಳು ಸುಲೂ, ಏನಾಗಾಕತ್ತೈತಿ?"

"ಕತ್ತಲಿ..."

"ಕತ್ತಲಿ ಯಾಕಂದ್ರ, ಅದರಾಗ ಎರಡು ಪರದೆ ಅದಾವ, ಒಂದರ ಬೆಳಕು..."

ಟೋಪಿ ಕೀಂಯ್ ಎಂದು ಬೈದು ಇನ್ನಷ್ಟು ಬಿಗಿಯಾಯಿತು. ರೇಣುಕಾ ಪ್ರಯತ್ನಿಸಿದಳು. "ಹೆದರಬ್ಯಾಡ್ರಿ ಮೇಡಂ, ಎಲ್ಲಾ ಚಲೋ ಆಗತೈತ್ರಿ..." ಮತ್ತೆ ಕೀಂಯ್!

ಪಕ್ಕದ ಮಂಚದಲ್ಲಿ ತೊಡೆಮೂಳೆ ಮುರಿದುಕೊಂಡ ತುಂಗವ್ವ ಮಲಗಿದ್ದಳು. ಮಾರ್ಕೆಟ್ಟಿನಲ್ಲಿ ಉಳ್ಳಾಗಡ್ಡಿ ಮಾರುವ ಮುದುಕಿ. ಆಕೆ ಕೈಚಾಚಿ ಸುಲೋಚನಾರ ಕೈ ಹಿಡಿದಳು.

"ಏನಾಗೇತಿ ನನ್ನವ್ವಾ?"

"ಏನೂ ಕಾಣವಲ್ದು ಆಯಿ. ಅಂಜಿಕಿ ಬರಾಕತ್ತೈತಿ."

"ಹೂಂ."

ಮುದುಕಿ ಹಿಡಿದ ಕೈ ಬಿಡಲಿಲ್ಲ. ಆಮೇಲೆ ಟೋಪಿಯೊಳಗಿಂದ ನಿಜವಾದ ಸುಲೋಚನಾರದೇ, ಆದರೆ ಯಾರೂ ಕೇಳಿರದ ಸಣ್ಣ ದನಿ ಬಂತು. "ಮೊಣಕಾಲು ಭಾಳ ನೋಯ್ತಾವ. ಕುಂತ್ರ ಏಳಾಕ ಆಗಂಗಿಲ್ಲಂತ ಹೇಳಿ ಡ್ಯೂಟಿ ಮ್ಯಾಲೆ ಕುಂದ್ರೂದ ಬಿಟ್ಟೇನಿ. ಆ ನೋವಿಗೆ ಯಾರ್‍ಯಾರ ಮ್ಯಾಲೋ ಒದರತೀನಿ."

ಮಾಸ್ತರರು ಬಾಯಿ ತೆರೆದರು. ತುಂಗವ್ವ ಗುರಾಯಿಸಿದಳು. ಮಾಸ್ತರರು ಬಾಯಿ ಮುಚ್ಚಿದರು.

"ಹೂಂ. ಮತ್ತ?"

"ಮತ್ತೇನಿಲ್ಲ ಆಯಿ. ಇಷ್ಟ."

ಟೋಪಿ ಸೀಟಿ ಹೊಡೆದು ಬಿಚ್ಚಿಕೊಂಡಿತು! ಸುಲೋಚನಾ ಕೆದರಿದ ಕೂದಲನ್ನು ಸರಿ ಮಾಡಿಕೊಳ್ಳಲೂ ಇಲ್ಲ. ಸ್ಟೂಲ್ ಎಳೆದುಕೊಂಡು ತುಂಗವ್ವನ ಪಕ್ಕ ಕುಳಿತರು. "ನಿಮಗೇನು ತ್ರಾಸ ಆಯಿ? ಹೇಳ್ರಿ."

ತುಂಗವ್ವ ಹೇಳಿದಳು. ಕಾಲಿನಿಂದ ಶುರುವಾಗಿ ಉಳ್ಳಾಗಡ್ಡಿ ದರ, ಸೊಸೆ, ಸೊಸೆಯ ತವರುಮನೆಯವರೆಗೂ ಹೋಯಿತು. ಸುಲೋಚನಾ ಎಲ್ಲೂ ಬಾಯಿ ಹಾಕಲಿಲ್ಲ.

ಬದಿಗೆ ಬಿದ್ದಿದ್ದ ಟೋಪಿಯೂ ಕೆಂಪು ದೀಪ ಉರಿಸಿಕೊಂಡು ಎಲ್ಲವನ್ನೂ ಕೇಳಿಸಿಕೊಂಡಿತು, ಕಲಿತೂಬಿಟ್ಟಿತು! ಮರುದಿನದಿಂದ ಅದರೊಳಗಿನ ಸುಲೋಚನಾ ಜೇನುತುಪ್ಪವಾದಳು. "ಹೂಂ, ಹೇಳ್ರಿ" ಎಂದು ಆಕೆ ಅನ್ನುವುದನ್ನು ಕೇಳಲು ವಾಸಿಯಾದ ರೋಗಿಗಳೂ ಮನೆಗೆ ಹೋಗದೆ ಸಾಲು ನಿಂತರು. ಮಂಚ ಖಾಲಿಯಾಗದೆ ಆಸ್ಪತ್ರೆಯವರು ಕಂಗಾಲಾಗಿ, ಟೋಪಿಯನ್ನು ಮಾಸ್ತರರ ಜೊತೆ ಮನೆಗೆ ಸಾಗಹಾಕಿದರು.

ಆ ಸಂಜೆ ಸುಲೋಚನಾ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಕುಳಿತಿದ್ದಾಗ, ಗಂಡ ಟೋಪಿ ಹಾಕಿಕೊಂಡು ಸೊಂಟನೋವು, ಪಿತ್ತ, ಪ್ರಿನ್ಸಿಪಾಲರು ಎಂದು ತಾಸುಗಟ್ಟಲೆ ತೋಡಿಕೊಳ್ಳುತ್ತಿದ್ದರು.

"ಸುಲೂ, ಈಕಿ ಎಷ್ಟು ಸಮಾಧಾನದಿಂದ ಕೇಳ್ತಾಳ ನೋಡು!" ಎಂದರು.

"ಚಲೋ ಆತು," ಎಂದರು ಸುಲೋಚನಾ, ಕಾಲು ಚಾಚುತ್ತ. "ಇವತ್ತಿನ ರೊಟ್ಟಿನೂ ಆಕಿನ ಬಡೀಲಿ."