ಸುಮತಿಯಕ್ಕನ ಮಡಿಲೂ ನನ್ನ ಲ್ಯಾಪ್‌ಟಾಪೂ

ನನಗೆ ಹತ್ತು ವಸ್ತು ತೋರಿಸಿ ಒಂದನ್ನು ಆರಿಸು ಎಂದರೆ ಏನೂ ತೊಂದರೆ ಇಲ್ಲ. ತಲೆ ತಿರುಗಿ, ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡು ಮನೆಗೆ ಬರುತ್ತೇನೆ. ಎರಡೇ ಎರಡು ತೋರಿಸಿದರೆ ಮಾತ್ರ ನನ್ನ ಕಥೆ ಮುಗಿಯಿತು. ಇದನ್ನು ತೆಗೆದುಕೊಂಡರೆ ಅದರ ಆತ್ಮ ನೊಂದೀತು, ಅದನ್ನು ತೆಗೆದುಕೊಂಡರೆ ಇದರದ್ದು ಎಂದು ಅಂಗಡಿಯ ಬಾಗಿಲು ಹಾಕುವವರೆಗೆ ನಿಲ್ಲುವ ಜಾತಿ ನನ್ನದು. ಮದುವೆಯ ಕಾಲಕ್ಕೂ ಹೀಗೇ ಆಯಿತು. ಒಂದೇ ವಾರದಲ್ಲಿ ಎರಡು ಸಂಬಂಧ ಬಂದವು, ಒಂದು ಶಿರ್ವದಿಂದ, ಇನ್ನೊಂದು ಬೆಳ್ಮಣ್‌ನಿಂದ. ನಾನು ಯೋಚಿಸಿ ಮುಗಿಸುವಷ್ಟರಲ್ಲಿ ಶಿರ್ವದವನ ನಿಶ್ಚಿತಾರ್ಥ ಬೇರೆ ಕಡೆ ಆಗಿ ಹೋಗಿತ್ತು. ಬೆಳ್ಮಣ್‌ನ ಗಿಲ್ಬರ್ಟ್ ನನ್ನ ಗಂಡನಾದದ್ದು ಹಾಗೆ. "ಸಿಲ್ವಿಯಾ ನನ್ನನ್ನು ಆರಿಸಿದ್ದಲ್ಲ, ನಾನು ಉಳಿದದ್ದು" ಎಂದು ಅವರು ಇವತ್ತಿಗೂ ನೆಂಟರ ಮುಂದೆ ಹೇಳುತ್ತಾರೆ. ನೆಂಟರು ನಗುತ್ತಾರೆ. ನಾನು ಚಹಾ ತರುವ ನೆಪದಲ್ಲಿ ಒಳಗೆ ಹೋಗುತ್ತೇನೆ.

ಇಂಥವಳ ಮುಂದೆ ಎರಡು ಲ್ಯಾಪ್‌ಟಾಪು ಬಂದು ಕುಳಿತವು. ನಾನು ಮಣಿಪಾಲದ ಒಂದು ಕಾಲೇಜಿನಲ್ಲಿ ಲೈಬ್ರೇರಿಯನ್. ಅಲ್ಲಿನ ಕಂಪ್ಯೂಟರುಗಳು ಮಕ್ಕಳಿಗೇ ಸಾಲುವುದಿಲ್ಲವಾದ್ದರಿಂದ ಪುಸ್ತಕಗಳ ಪಟ್ಟಿ ಮಾಡಲು ನಾನು ನನ್ನದನ್ನೇ ಹೊತ್ತುಕೊಂಡು ಹೋಗುತ್ತೇನೆ. ಹಳೆಯದು ಕತ್ತು ಮುರಿದುಕೊಂಡಿತ್ತು. ಅದರ ಪರದೆಗೆ ಹಿಂದಿನಿಂದ ವಿಶ್ವಕೋಶದ ಒಂದು ಸಂಪುಟ ಒರಗಿಸಿ ನಿಲ್ಲಿಸಬೇಕಿತ್ತು. ಹೊಸದು ತೆಗೆದುಕೊಳ್ಳದೆ ಬೇರೆ ದಾರಿ ಇರಲಿಲ್ಲ.

ಗಿಲ್ಬರ್ಟ್ ಜೊತೆ ಉಡುಪಿಯ ಅಂಗಡಿಗೆ ಹೋದಾಗ ಸೇಲ್ಸ್‌ಮನ್ ಎರಡನ್ನು ತೆಗೆದು ಇಟ್ಟ. ಒಂದು ಹಾಳೆಯ ಹಾಗೆ ತೆಳ್ಳಗೆ, ಒಂದು ಕಿಲೋ ಚಿಲ್ಲರೆ ತೂಕ. ಇನ್ನೊಂದು ಗೇಮಿಂಗ್ ಲ್ಯಾಪ್‌ಟಾಪ್. ಕಪ್ಪು ಬಣ್ಣ, ಕೀಲಿಗಳ ಅಡಿಯಲ್ಲಿ ಕೆಂಪು ದೀಪ, ಎರಡೂವರೆ ಕಿಲೋ. ಚಾರ್ಜರ್ ಸೇರಿಸಿದರೆ ಮೂರೂವರೆಗೆ ಸ್ವಲ್ಪವೇ ಕಡಿಮೆ. "ನಿಮಗೆ ಯೂಸ್ ಎಂತದಕ್ಕೆ ಮೇಡಂ?" ಎಂದು ಕೇಳಿದ. "ಲೈಬ್ರರಿ ಕೆಲಸಕ್ಕೆ" ಎಂದೆ. "ಹಾಗಾದ್ರೆ ಸಣ್ಣದೇ ಧಾರಾಳ ಸಾಕು." ನಾನು ಸ್ವಲ್ಪ ತಡೆದು, "ಗ್ರಾಫಿಕ್ಸ್ ಚೆನ್ನಾಗಿರಬೇಕಿತ್ತು" ಎಂದೆ. "ಲೈಬ್ರರಿಗಾ?" "ಪುಸ್ತಕಗಳಿಗೆ ಮುಖಪುಟ ಅಂತ ಇರ್ತದಲ್ಲ" ಎಂದೆ. ಅವನು ಗಿಲ್ಬರ್ಟ್ ಮುಖ ನೋಡಿದ. ಗಿಲ್ಬರ್ಟ್ ಛಾವಣಿಯ ಫ್ಯಾನು ನೋಡಿದರು.

ನಿಜ ಸಂಗತಿಯನ್ನು ನಿಮಗೆ ಹೇಳಿಬಿಡುತ್ತೇನೆ, ಆ ಹುಡುಗನಿಗೆ ಹೇಳಲಾಗದ್ದು. ನನಗೆ ಬಸ್ಸು ಓಡಿಸಬೇಕಿತ್ತು. ಕಾಪುವಿನಲ್ಲಿ ನನ್ನ ತಂಗಿಯ ಮನೆ. ಈಸ್ಟರ್ ಕಳೆದ ಮೇಲೆ ಒಂದು ಭಾನುವಾರ ಅಲ್ಲಿ ಬಂಗುಡೆ ಸಾರು ಉಂಡು ಸುಮ್ಮನೆ ಕುಳಿತಿದ್ದಾಗ ಅವಳ ಮಗಳು ತನ್ನ ದೊಡ್ಡ ಲ್ಯಾಪ್‌ಟಾಪಿನಲ್ಲಿ ಬಸ್ಸು ಓಡಿಸುವ ಆಟ ಹಾಕಿ ಕೊಟ್ಟಳು. ಬಸ್ಸಿಗೆ ನಮ್ಮ ಊರಿನ ಸರ್ವಿಸ್ ಬಸ್ಸುಗಳ ಬಣ್ಣ ಹಚ್ಚಿದ್ದಳು, ಹಾರನ್ನೂ ಅದೇ. ಮೂವತ್ತು ವರ್ಷ ಕಂಬ ಹಿಡಿದು ನಿಂತು ಡ್ರೈವರನ ಹಿಂದಲೆ ನೋಡಿಕೊಂಡೇ ಹೋದವಳ ಕೈಗೆ ಸ್ಟಿಯರಿಂಗ್ ಸಿಕ್ಕಿದರೆ ಏನಾಗಬೇಕು? ಹತ್ತು ನಿಮಿಷದಲ್ಲಿ ಒಂದು ಕಾಂಪೌಂಡು, ಎರಡು ಲೈಟುಕಂಬ ಉರುಳಿಸಿದೆ. ಒಂದು ಸ್ಟಾಪಿನಲ್ಲೂ ನಿಲ್ಲಿಸಲಿಲ್ಲ. ನನ್ನ ಜನ್ಮದಲ್ಲಿ ಅಷ್ಟು ಸುಖ ಪಟ್ಟ ನೆನಪಿಲ್ಲ. ಆದರೆ ಆ ಆಟ ನಡೆಯಬೇಕಾದರೆ ಮೆಷಿನಿಗೆ ಕಸುವು ಬೇಕು, ತೆಳ್ಳಗಿನದರಲ್ಲಿ ಆಗುವುದಿಲ್ಲ ಎಂದು ಹುಡುಗಿ ಹೇಳಿದ್ದಳು. ಐವತ್ತಾರು ವರ್ಷದ ಹೆಂಗಸು ಇದನ್ನು ಯಾರ ಹತ್ತಿರ ಬಾಯಿಬಿಟ್ಟು ಹೇಳುವುದು?

ಗಿಲ್ಬರ್ಟಿಗೆ ಹೇಳುವ ಅಗತ್ಯ ಬೀಳಲಿಲ್ಲ. ಇಪ್ಪತ್ತೆರಡು ವರ್ಷ ಗಲ್ಫಿನಲ್ಲಿ ಏಸಿ ರಿಪೇರಿ ಮಾಡಿ ಬಂದ ಅವರಿಗೆ ವಸ್ತುವಿನ ಗುಣ ಎಂದರೆ ತೂಕ. ಅವರು ತಂದ ಇಸ್ತ್ರಿಪೆಟ್ಟಿಗೆಯನ್ನು ಎರಡು ಕೈಯಲ್ಲಿ ಎತ್ತಬೇಕು, ಕಂಬಳಿಯನ್ನು ಒಗೆದರೆ ಹಿಂಡಲು ಮೂವರು ಬೇಕು. ಅಂಗಡಿಯಲ್ಲಿ ಎರಡೂ ಲ್ಯಾಪ್‌ಟಾಪುಗಳನ್ನು ಹಲಸಿನ ಹಣ್ಣಿನ ಹಾಗೆ ಎತ್ತಿ ನೋಡಿ, "ಭಾರ ಉಂಟು ಅಂದ್ರೆ ಒಳಗೆ ಎಂತದ್ದೋ ಉಂಟು ಅಂತ ಅರ್ಥ" ಎಂದರು. ಆದರೆ ಹೊರುವವಳು ನಾನಾದ್ದರಿಂದ ಅವರೇ ಒಂದು ಉಪಾಯವನ್ನೂ ಹೂಡಿದರು. ನಮ್ಮ ಅಡುಗೆಮನೆಯ ಕಟ್ಟೆಗೆ ಹಾಕಿ ಉಳಿದ ಕಾರ್ಕಳದ ಕಪ್ಪು ಕಲ್ಲಿನ ಚಪ್ಪಡಿ ಹಿತ್ತಲಲ್ಲಿ ಬಿದ್ದಿತ್ತು. ಅದರಿಂದ ಲ್ಯಾಪ್‌ಟಾಪಿನಷ್ಟು ಅಗಲದ ತುಂಡನ್ನು ಕತ್ತರಿಸಿ, ತೂಗಿ, ಮೂಲೆ ಉಜ್ಜಿ, ಟವೆಲಿನಲ್ಲಿ ಸುತ್ತಿ ನನ್ನ ಬ್ಯಾಗಿಗೆ ಇಳಿಸಿದರು. "ಒಂದು ವಾರ ಹೊತ್ತು ನೋಡು. ಭುಜ ಒಪ್ಪಿದ್ರೆ ದೊಡ್ಡದು, ಇಲ್ಲದಿದ್ರೆ ಸಣ್ಣದು" ಎಂದರು. ಇಷ್ಟು ವೈಜ್ಞಾನಿಕವಾದ ಮನುಷ್ಯ ಶಿರ್ವದಲ್ಲಿ ಸಿಗುತ್ತಿರಲಿಲ್ಲ ಎಂದು ನನಗೆ ಆ ದಿನ ಅನಿಸಿತು.

ನನ್ನ ಭುಜ ಮೊದಲ ದಿನವೇ ಒಪ್ಪಿತು. ಒಪ್ಪದೆ ಏನು ಮಾಡುತ್ತದೆ? ಕುಕ್ಕುಂದೂರಿನ ನಮ್ಮ ಮನೆಯಿಂದ ಜೋಡುರಸ್ತೆಯ ಬಸ್‌ಸ್ಟಾಪಿಗೆ ಐದು ನಿಮಿಷ, ಮಣಿಪಾಲದಲ್ಲಿ ಇಳಿದ ಮೇಲೆ ಲೈಬ್ರರಿಗೆ ಐದು ನಿಮಿಷ. ನಡುವಿನ ಮುಕ್ಕಾಲು ಗಂಟೆ ಬ್ಯಾಗು ನನ್ನ ಭುಜದ ಮೇಲೆ ಇರುವುದೇ ಇಲ್ಲ. ನಮ್ಮ ಕಡೆಯ ಬಸ್ಸುಗಳ ಪದ್ಧತಿ ನಿಮಗೆ ಗೊತ್ತಿರಬಹುದು. ನಿಂತವರು ಬ್ಯಾಗನ್ನು ಕುಳಿತವರ ತೊಡೆಯ ಮೇಲೆ ಇಡುತ್ತಾರೆ. ಕೇಳುವುದಿಲ್ಲ, ಕೇಳಬೇಕಾಗಿಲ್ಲ. ಕುಳಿತವರು ಕೈ ಚಾಚುತ್ತಾರೆ, ಬ್ಯಾಗು ತಾನಾಗಿ ಹೋಗಿ ಕೂರುತ್ತದೆ. ಒಳಗೆ ಎಂತ ಉಂಟು ಎಂದು ಕೇಳುವುದು ಮರ್ಯಾದೆಯಲ್ಲ, ಭಾರ ಎನ್ನುವುದಂತೂ ಇಲ್ಲವೇ ಇಲ್ಲ. ನನ್ನ ಬ್ಯಾಗು ಹದಿನೆಂಟು ವರ್ಷಗಳಿಂದ ಕೂರುವುದು ಸುಮತಿಯಕ್ಕನ ತೊಡೆಯ ಮೇಲೆ.

ಸುಮತಿಯಕ್ಕ ಮಣಿಪಾಲದ ಒಂದು ಹಾಸ್ಟೆಲಿನಲ್ಲಿ ಅಡುಗೆಗೆ ಹೋಗುವವರು. ಕಾರ್ಕಳ ಬಸ್‌ಸ್ಟ್ಯಾಂಡಿನಲ್ಲೇ ಹತ್ತುವುದರಿಂದ ಅವರಿಗೆ ಡ್ರೈವರನ ಹಿಂದಿನ ಸೀಟು ಖಾಯಂ. ಜೋಡುರಸ್ತೆಯಲ್ಲಿ ಹತ್ತುವ ನನಗೆ ಕಂಬ ಖಾಯಂ. ನಾವು ಮಾತನಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೆ. ಅವರು ನನ್ನನ್ನು ಬಾಯಮ್ಮ ಎನ್ನುತ್ತಾರೆ, ನಮ್ಮಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಹಾಗೆ ಕರೆಯುವುದು ರೂಢಿ. ನನ್ನ ತಾಯಿ ತೀರಿಕೊಂಡಾಗ, ಗಿಲ್ಬರ್ಟರ ಕೆಲಸ ಹೋದಾಗ, ಎಲ್ಲವನ್ನೂ ನಾನು ಮೊದಲು ಹೇಳಿದ್ದು ಆ ಸೀಟಿನ ಕಡೆ ಬಗ್ಗಿಕೊಂಡು. ಎರಡು ವರ್ಷದಿಂದ ಅವರ ಬಲ ಮೊಣಕಾಲಿನಲ್ಲಿ ನೋವು ಉಂಟು, ಎಣ್ಣೆ ಹಚ್ಚಿ ಪಟ್ಟಿ ಕಟ್ಟುತ್ತಾರೆ ಎಂಬುದೂ ನನಗೆ ಗೊತ್ತು. ಗೊತ್ತಿದ್ದೂ ಸೋಮವಾರ ಆ ಮೊಣಕಾಲಿನ ಮೇಲೆ ಮೂರೂವರೆ ಕಿಲೋ ಕಲ್ಲು ಇಟ್ಟೆ.

"ಹೊಸ ಲ್ಯಾಪ್‌ಟಾಪಾ?" ಎಂದು ಸುಮತಿಯಕ್ಕ ಕೇಳಿದರು. ನಾನು "ಹ್ಞೂಂ" ಎಂದೆ. ಕಲ್ಲು ಎಂದು ಹೇಳಿದರೆ ಯಾಕೆ ಎಂದು ಹೇಳಬೇಕು, ಯಾಕೆ ಎಂದು ಹೇಳಿದರೆ ಬಸ್ಸು ಓಡಿಸುವ ಕಥೆ ಹೊರಗೆ ಬರುತ್ತದೆ, ಅದೂ ನಿಜವಾದ ಡ್ರೈವರನ ಬೆನ್ನ ಹಿಂದೆಯೇ. ಮಂಗಳವಾರ ಅವರು ಬೈಲೂರು ಬರುವಷ್ಟರಲ್ಲಿ ಬ್ಯಾಗನ್ನು ಬಲಗಾಲಿನಿಂದ ಎಡಗಾಲಿಗೆ ಸರಿಸಿದರು. ಬುಧವಾರ ಎರಡು ಸಲ ಸರಿಸಿದರು. ನಾನು ಕಂಡೆ. ಕಂಡವಳು ಕಿಟಕಿಯ ಹೊರಗೆ ಹಸಿರು ಚೆನ್ನಾಗಿದೆ ಎಂದು ನೋಡಿದೆ. ಕೆಂಪು ದೀಪದ ಕೀಲಿಗಳು ಕಣ್ಣ ಮುಂದೆ ಇದ್ದವು.

ಗುರುವಾರ ಹಿರಿಯಡ್ಕ ಪೇಟೆಗೆ ಮುಂಚೆ ಒಂದು ಸ್ಕೂಟರು ಅಡ್ಡ ಬಂತು. ಡ್ರೈವರ್ ಒದ್ದ ಬ್ರೇಕಿಗೆ ಬ್ಯಾಗು ಸುಮತಿಯಕ್ಕನ ತೊಡೆಯಿಂದ ಜಾರಿ ಧಡ್ ಎಂದು ನೆಲಕ್ಕೆ ಬಿತ್ತು. ಸುಮತಿಯಕ್ಕನ ಮುಖ ಸುಣ್ಣದ ಹಾಗೆ ಬಿಳಿಚಿತು. "ನನ್ನ ಕೈಯಿಂದಲೇ ಆಗಬೇಕಿತ್ತಾ ಬಾಯಮ್ಮ" ಎನ್ನುವಾಗ ಅವರ ಕಣ್ಣಲ್ಲಿ ನೀರು ಬಂದಿತ್ತು. ನಾನು "ಏನೂ ಆಗಿಲ್ಲ, ಬಿಡಿ ಬಿಡಿ" ಎಂದು ಬ್ಯಾಗನ್ನು ಎಳೆದುಕೊಳ್ಳಲು ನೋಡಿದೆ. ಬಸ್ಸಿನವರು ಬಿಡಬೇಕಲ್ಲ. ಹಿಂದಿನಿಂದ ಒಬ್ಬರು "ಆನ್ ಆಗ್ತದಾ ನೋಡಿ" ಎಂದರು, ಇನ್ನೊಬ್ಬರು "ಅಲ್ಲಾಡಿಸಬೇಡಿ ಮಾರಾಯ್ರೇ, ಒಳಗಿನ ವಯರು ಬಿಟ್ಟೀತು" ಎಂದರು. ಕಂಡಕ್ಟರ್ ಬಹಳ ಒಳ್ಳೆಯ ಮನುಷ್ಯ. ಅವನೇ ಬ್ಯಾಗೆತ್ತಿ, ಝಿಪ್ಪು ಎಳೆದು, ಟವೆಲು ಬಿಡಿಸಿ, ನನ್ನ ಅಡುಗೆಮನೆಯ ಕಟ್ಟೆಯ ತುಂಡನ್ನು ಎಲ್ಲರಿಗೂ ಕಾಣುವ ಹಾಗೆ ಎರಡು ಕೈಯಲ್ಲಿ ಎತ್ತಿ ಹಿಡಿದ. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಏನೂ ಆಗಿಲ್ಲ, ಗಟ್ಟಿ ಮಾಲು" ಎಂದ.

ಬಸ್ಸು ಪರ್ಕಳದವರೆಗೆ ನಕ್ಕಿತು. ಸುಮತಿಯಕ್ಕ ನಗಲಿಲ್ಲ. "ನಾಲ್ಕು ದಿನ ನಾನು ಕಲ್ಲು ಹೊತ್ತದ್ದಾ?" ಎಂದು ಮೆಲ್ಲಗೆ ಕೇಳಿದರು. "ದುಬಾರಿ ವಸ್ತು, ಅಲ್ಲಾಡಿದ್ರೆ ಹಾಳಾದೀತು ಅಂತ ಕಾಲು ಕೂಡ ನೀಡದೆ ಕೂತಿದ್ದೆ." ನಾನು, "ಭಾರ ಹೊರಲಿಕ್ಕೆ ಆಗ್ತದಾ ಅಂತ ಒಂದು ಪರೀಕ್ಷೆ, ಅಕ್ಕ" ಎಂದೆ. "ಯಾರಿಗೆ?" ಎಂದರು. ಹದಿನೆಂಟು ವರ್ಷ ನಾನು ಹೊತ್ತೆ ಹೊತ್ತೆ ಎಂದುಕೊಂಡಿದ್ದ ಬ್ಯಾಗನ್ನು ಹೊತ್ತವರು ಯಾರು ಎಂದು ಆಗ ತಲೆಗೆ ಹೋಯಿತು.

ಶುಕ್ರವಾರ ನಾನು ಹತ್ತಿದಾಗ ಸುಮತಿಯಕ್ಕನ ತೊಡೆಯ ಮೇಲೆ ಅವರದೇ ಬುತ್ತಿಚೀಲ, ಕೊಡೆ, ಅದರ ಮೇಲೆ ಯಾರೋ ಕಾಲೇಜು ಹುಡುಗಿಯ ಬ್ಯಾಗು. ಅವರು ಕಿಟಕಿಯ ಹೊರಗೆ ಹಸಿರು ನೋಡುತ್ತಿದ್ದರು. ಆ ದಿನ ನನ್ನ ಬ್ಯಾಗಿನಲ್ಲಿ ಇದ್ದದ್ದು ಚಪಾತಿ ಡಬ್ಬಿ ಮಾತ್ರ. ಆದರೂ ಮುಕ್ಕಾಲು ಗಂಟೆ ಅದನ್ನು ಹೊತ್ತು ನಿಂತ ಭುಜ ಸಂಜೆಯವರೆಗೆ ನೋಯುತ್ತಿತ್ತು. ಸುಮತಿಯಕ್ಕ ಮಾತನಾಡದ ಬಸ್ಸಿನಲ್ಲಿ ನಿವೃತ್ತಿಯವರೆಗೆ ಹೇಗೆ ಹೋಗುವುದು ಎಂದು ಯೋಚಿಸಿ ನನಗೆ ಊಟ ಸೇರಲಿಲ್ಲ.

ಶನಿವಾರ ಉಡುಪಿಗೆ ಹೋಗಿ ತೆಳ್ಳಗಿನದನ್ನು ತೆಗೆದುಕೊಂಡೆ. ಜೀವನದಲ್ಲಿ ಮೊದಲ ಸಲ ಎರಡರಲ್ಲಿ ಒಂದನ್ನು ಐದು ನಿಮಿಷದಲ್ಲಿ ಆರಿಸಿದ್ದು. ಸೇಲ್ಸ್‌ಮನ್ "ಮುಖಪುಟ?" ಎಂದು ಕೇಳಿದ. "ಮುಖಪುಟ ನೋಡಿ ಪುಸ್ತಕ ಓದುವ ಕಾಲ ಹೋಯ್ತು" ಎಂದು ಏನೋ ಒಂದು ಹೇಳಿ ಬಂದೆ. ಭಾನುವಾರ ಮಧ್ಯಾಹ್ನ, ಎಲ್ಲಾದರೂ ಹೇಗಾದರೂ ಆದೀತೋ ಎಂದು ತಂಗಿಯ ಮಗಳನ್ನು ಫೋನಿನಲ್ಲಿ ಕೇಳಿಕೊಂಡು ಆಟವನ್ನು ಅದರಲ್ಲಿ ಹಾಕಿದೆ. ಬಸ್ಸು ಒಂದು ಸಲ ಕೆಮ್ಮಿತು, ತಡೆ ತಡೆದು ಎರಡು ಮಾರು ಹೋಯಿತು, ನಿಂತಿತು. ಇನ್ನು ನನಗೆ ಡ್ರೈವರ್ ಆಗುವ ಯೋಗವಿಲ್ಲ ಎಂದು ನಿಜವಾಗಿಯೂ ದುಃಖವಾಯಿತು. ಗಿಲ್ಬರ್ಟ್ ಹೊಸ ಲ್ಯಾಪ್‌ಟಾಪನ್ನು ಎರಡು ಬೆರಳಲ್ಲಿ ಎತ್ತಿ, "ಒಳಗೆ ಎಂತ ಸಹ ಇಲ್ಲ" ಎಂದರು.

ಸೋಮವಾರ ಬಸ್ಸು ಹತ್ತಿ, ಕೇಳಬಾರದ್ದನ್ನು ಕೇಳಿದೆ. "ಅಕ್ಕ, ಇದನ್ನು ಸ್ವಲ್ಪ ಹಿಡಿದುಕೊಳ್ತೀರಾ?" ಸುಮತಿಯಕ್ಕ ಬ್ಯಾಗು ತೆಗೆದುಕೊಂಡು ತೂಗಿ ನೋಡಿದರು. "ಈ ಸಲ ಎಂತ, ತಗಡಾ?" ಎಂದರು. ತೆರೆದು ತೋರಿಸಿದೆ. ಅವರು ಮುಚ್ಚಳ ಬಿಡಿಸಿ, ನಿಜವಾದ ಕೀಲಿಗಳ ಮೇಲೆ ಬೆರಳಾಡಿಸಿ, ನಿಮ್ಮ ಮೊಣಕಾಲಿಗಾಗಿಯೇ ಸಣ್ಣದು ತೆಗೆದುಕೊಂಡೆ ಎಂದು ನಾನು ಹೇಳಿದ್ದನ್ನು ಕೇಳಿ, ಕಡೆಗೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ನನಗೆ ಕಂಬ ಬಿಟ್ಟು ಕುಣಿಯಬೇಕು ಅನಿಸಿತು. ಬೈಲೂರು ಬಂದಾಗ ಅವರು ಎದ್ದು ನಿಂತರು. "ಕೂತೇ ಕೂತು ಕಾಲು ಹಿಡಿದಿದೆ, ಸ್ವಲ್ಪ ನಿಲ್ತೇನೆ. ನೀವು ಕೂತ್ಕೊಳ್ಳಿ ಬಾಯಮ್ಮ" ಎಂದರು.

ಹದಿನೆಂಟು ವರ್ಷದಲ್ಲಿ ಆ ಸೀಟಿನಲ್ಲಿ ನಾನು ಕುಳಿತದ್ದು ಅದೇ ಮೊದಲು. ಕುಳಿತ ಅರ್ಧ ನಿಮಿಷದಲ್ಲಿ ನನ್ನ ತೊಡೆಯ ಮೇಲೆ ಸುಮತಿಯಕ್ಕನ ಬುತ್ತಿಚೀಲ, ಕೊಡೆ, ನನ್ನ ಬ್ಯಾಗು ಬಂದು ಸೇರಿದವು. ಆಮೇಲೆ ಹತ್ತಿದ ಒಬ್ಬರು, ತಲೆಯ ಮೇಲೆ ನಾಲ್ಕು ಬಿಳಿಕೂದಲು ಉಳಿದ ದೊಡ್ಡ ಮನುಷ್ಯರು, ಒಂದು ಕಪ್ಪು ಬ್ಯಾಗನ್ನು ಎಲ್ಲದರ ಮೇಲೆ ಇಟ್ಟರು. ಇಟ್ಟ ಕೂಡಲೇ ನನ್ನ ತೊಡೆಗೆ ಗುರುತು ಸಿಕ್ಕಿತು. ಎರಡೂವರೆ ಕಿಲೋ, ಚಾರ್ಜರ್ ಬೇರೆ. ನಾನು ಮರ್ಯಾದೆ ಬಿಟ್ಟು, "ಇಷ್ಟು ದೊಡ್ಡ ಲ್ಯಾಪ್‌ಟಾಪ್ ಎಂತಕ್ಕೆ ಸರ್?" ಎಂದು ಕೇಳಿದೆ. "ಆಫೀಸ್ ಕೆಲಸ ಮೇಡಂ" ಎಂದ ಅವರು ನನ್ನ ಕಣ್ಣು ತಪ್ಪಿಸಿ, ಡ್ರೈವರ್ ಗಿಯರ್ ಬದಲಿಸುವುದನ್ನೇ ನೋಡತೊಡಗಿದರು. ಮಣಿಪಾಲ ಬರುವವರೆಗೂ ನೋಡಿದರು. ನಾನು ಬ್ಯಾಗನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದೆ.

ಈಗ ನನಗೂ ಮೊಣಕಾಲು ನೋವು ಶುರುವಾಗಿದೆ, ಸುಮತಿಯಕ್ಕ ಅವರ ಎಣ್ಣೆಯನ್ನೇ ಒಂದು ಬಾಟ್ಲಿಯಲ್ಲಿ ತಂದು ಕೊಟ್ಟಿದ್ದಾರೆ. ಆದರೂ ದಿನಾ ಬೈಲೂರು ಕಳೆದು ಆ ಕಪ್ಪು ಬ್ಯಾಗಿನವರು ಹತ್ತುವಾಗ, ಅಕ್ಕ ಬಿಟ್ಟುಕೊಟ್ಟ ಸೀಟಿನಲ್ಲಿ ನಾನೇ ಇರಬೇಕು. ಮೊನ್ನೆ ಆ ಮನುಷ್ಯರು ಬ್ಯಾಗನ್ನು ಪಕ್ಕದ ಸೀಟಿನವರಿಗೆ ಕೊಟ್ಟುಬಿಟ್ಟರು, ನನಗೆ ಇಡೀ ದಿನ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ.