‘ಬರುತ್ತೇನೆ’ ಎಂದು ಹೋದವರು

ಅತಿಥಿ ಸತ್ಕಾರದ ವಿಷಯದಲ್ಲಿ ನನ್ನನ್ನು ನಾನೇ ಹೊಗಳಿಕೊಳ್ಳಲು ನನಗೆ ಎಳ್ಳಷ್ಟೂ ಸಂಕೋಚವಿಲ್ಲ. ಬೇರೆಯವರು ಹೊಗಳಲಿ ಎಂದು ಕಾಯುತ್ತ ಕೂತರೆ ಆಯುಷ್ಯ ಸಾಲದು. ಕಡಲಾಚೆಯ ಸುಬಾಂಗ್ ಜಯಾ ಎಂಬ ಊರಿನ ನಮ್ಮ ಫ್ಲ್ಯಾಟಿಗೆ ಬಂದವರು ಹಸಿದುಕೊಂಡು ಹೋದದ್ದಿಲ್ಲ. ಒಮ್ಮೆ ಏಸಿ ರಿಪೇರಿಗೆ ಬಂದವನು ಏಸಿ ಬಿಚ್ಚಿಟ್ಟು, ನನ್ನ ಬಿಸಿಬೇಳೆಬಾತ್ ತಿಂದು, ಉಳಿದದ್ದನ್ನು ಇಲ್ಲಿಯ ಮಾತಿನಲ್ಲಿ ‘ತಪಾವ್’ ಮಾಡಿಸಿಕೊಂಡು, ಅಂದರೆ ಡಬ್ಬಿಗೆ ಕಟ್ಟಿಸಿಕೊಂಡು ಹೋದ. ಏಸಿ ಮಾತ್ರ ಇವತ್ತಿಗೂ ಗೊರಗೊರ ಎನ್ನುತ್ತಿದೆ; ಅದು ಬೇರೆ ವಿಷಯ. ಇಂಥ ನನ್ನ ಮನೆಬಾಗಿಲಿಗೆ ಬಂದ ಹೊಸಬರು ಹೇಳದೆ ಕೇಳದೆ ಓಡಿಹೋಗುತ್ತಾರೆಂದರೆ ಯಾರಾದರೂ ನಂಬುತ್ತಾರೆಯೇ? ಆದರೂ ಓಡುತ್ತಿದ್ದರು. ಈ ಮನೆಯಿಂದಲ್ಲ, ಇಂಟರ್ನೆಟ್ಟಿನಲ್ಲಿರುವ ನನ್ನ ಅರಮನೆಯಿಂದ.

ಅರಮನೆ ಎಂದರೆ ಒಂದು ಆಟ. ಕನ್ನಡದ ಹಳೆಯ ದಪ್ಪ ಕಾದಂಬರಿಯೊಂದನ್ನು ಮುಂದಿಟ್ಟುಕೊಂಡು ನಾವು ಕೆಲವರು ಆಡುತ್ತೇವೆ. ಕಾದಂಬರಿಯ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ‘ಓಹೋ, ಓದಿದ್ದೀನಿ’ ಎಂದು ಸುಳ್ಳು ಹೇಳಬೇಕಾಗುತ್ತದೆ. ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿಕೊಂಡು, ಆ ಪಾತ್ರ ಏನು ಹೇಳಿತು, ಏನು ಮಾಡಿತು ಎಂದು ಗುಂಪಿನಲ್ಲಿ ಬರೆಯುವುದು. ಇನ್ನೊಬ್ಬರು ಅದನ್ನು ಮುಂದುವರಿಸುವುದು. ಬೆರಳು ಬಿಟ್ಟರೆ ಮೈಯಲ್ಲಿ ಬೇರೇನೂ ಅಲ್ಲಾಡುವುದಿಲ್ಲವಾದ್ದರಿಂದ ನನ್ನ ವಯಸ್ಸಿಗೆ ಹೇಳಿ ಮಾಡಿಸಿದ ಆಟ. ಶುರು ಮಾಡಿದವಳು ನಾನೇ ಆದ್ದರಿಂದ ರಾಜಮಾತೆಯ ಪಾತ್ರ ನನ್ನದೇ. ‘ಮನೇಲಿ ಮಾಡೋದನ್ನೇ ಅಲ್ಲೂ ಮಾಡ್ತೀಯಲ್ಲ, ಅದನ್ನ ಆಟ ಅಂತ ಯಾಕೆ ಕರೀತೀಯ?’ ಎಂದು ನಮ್ಮ ಯಜಮಾನರು ಕೇಳುವುದುಂಟು. ಸೈಬರ್‌ಜಯಾದ ಕಂಪ್ಯೂಟರ್ ಕಂಪನಿಯಲ್ಲಿರುವ ಶ್ರೀಧರ್ ನಮ್ಮ ಮಂತ್ರಿ; ಆಫೀಸಿನ ಮೀಟಿಂಗುಗಳಲ್ಲಿ ಕೂತೇ ಪಿತೂರಿ ನಡೆಸುತ್ತಾರೆ. ಮಾಂಟ್ ಕಿಯಾರಾದಲ್ಲಿರುವ ಮಂಗಳೂರಿನ ಮಿಸೆಸ್ ಲೋಬೋ ನಮ್ಮ ದಂಡನಾಯಕ. ಹಲ್ಲಿ ಕಂಡರೆ ಸೋಫಾ ಹತ್ತುವ ಹೆಂಗಸು, ಕೀಬೋರ್ಡಿನ ಮೇಲೆ ಮಾತ್ರ ಶತ್ರುಗಳ ರುಂಡ ಚೆಂಡಾಡುತ್ತಾರೆ.

ಮೊದಲು ತುಂಬಿದ ಅರಮನೆ ಅದು. ಕೆಲಸ ಬದಲಾಗಿ, ದೇಶ ಬದಲಾಗಿ ಒಬ್ಬೊಬ್ಬರೇ ಹೊರಟು ಕೊನೆಗೆ ಉಳಿದವರು ನಾವು ಮೂವರು. ಮಂತ್ರಿ ಪಿತೂರಿ ಮಾಡುವುದು, ದಂಡನಾಯಕ ಯುದ್ಧ ಮಾಡುವುದು, ನಾನು ಅಳುವುದು. ಮತ್ತೆ ಪಿತೂರಿ, ಮತ್ತೆ ಯುದ್ಧ, ಮತ್ತೆ ಅಳು. ‘ಈ ಸಲ ಹೊಸಬರು ಯಾರೂ ನಿಲ್ಲದಿದ್ರೆ ಮುಚ್ಚಿಬಿಡೋಣ ಮೇಡಂ’ ಎಂದು ಶ್ರೀಧರ್ ಹೇಳಿಯೇಬಿಟ್ಟರು. ಈ ಊರಿನಲ್ಲಿ ನನ್ನ ಕನ್ನಡಕ್ಕೆ ಇರುವ ಕೆಲಸ ಗಂಡನನ್ನು ಗದರುವುದು, ಮಗನನ್ನು ಎಬ್ಬಿಸುವುದು, ಇಷ್ಟೇ. ಮಗ ಇಲ್ಲಿಯವರ ‘ಲಾ’ ಸೇರಿಸಿ ‘ಓಕೆ ಲಾ ಮಾ’ ಎಂದು ಮಗ್ಗುಲು ಬದಲಿಸುತ್ತಾನೆ. ಆ ಅರಮನೆಯಲ್ಲಿ ಮಾತ್ರ ನನ್ನ ಕನ್ನಡ ರೇಷ್ಮೆ ಸೀರೆ ಉಟ್ಟು ಓಡಾಡುತ್ತದೆ. ಅದು ಮುಚ್ಚಿದರೆ ಎಲ್ಲಿಗೆ ಹೋಗಲಿ?

ಆದರೆ ಕೈಚೆಲ್ಲಿ ಕೂರುವ ಜಾಯಮಾನ ನನ್ನದಲ್ಲ. ನಮ್ಮ ಪಕ್ಕದ ಬ್ಲಾಕಿನ ಅನಘಾಳನ್ನು ಹಿಡಿದುಕೊಂಡು ಬಂದೆ. ಇಲ್ಲೇ ಹುಟ್ಟಿ ಬೆಳೆದು ಕಾಲೇಜು ಓದುತ್ತಿರುವ ಹುಡುಗಿ; ಕನ್ನಡ ಅರ್ಥವಾಗುತ್ತದೆ, ನಿಧಾನವಾಗಿ ಓದುತ್ತಾಳೆ, ಮಾತು ಅರ್ಧ ಕನ್ನಡ ಅರ್ಧ ಇಂಗ್ಲಿಷ್, ಬರೆಯುವುದು ಮಾತ್ರ ಇಂಗ್ಲಿಷಿನಲ್ಲಿ. ಇಂಗ್ಲಿಷಿನಲ್ಲೇ ಬರಿ ಎಂದು ದೊಡ್ಡ ಮನಸ್ಸು ಮಾಡಿ ಅವಳಿಗೆ ದ್ವಾರಪಾಲಕಿಯ ಪಾತ್ರ ಕೊಟ್ಟೆ. ಸ್ವಾಗತ ಹೇಗಿರಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದೇ ಉಸಿರಿಗೆ ಓದಲಾಗದಂಥ ವಾಕ್ಯದಲ್ಲಿ ಅವಳನ್ನು ಹರಸಿದೆ. ಒಳಗಿನ ಸಭೆಯಿಂದ ಮಂತ್ರಿಯೂ ದಂಡನಾಯಕನೂ ಅವಳನ್ನು ಹಾಡಿ ಹೊಗಳಿದರು. ಎಲ್ಲ ಮುಗಿದ ಮೇಲೆ ‘ದ್ವಾರಪಾಲಕಿಯೇ, ನಾನಿನ್ನು ಬರುತ್ತೇನೆ’ ಎಂದು ಬರೆದು ಮಂತ್ರಿ ಹೊರಟರು. ‘ನಾನೂ ಬರುತ್ತೇನೆ’ ಎಂದು ದಂಡನಾಯಕ ಹೊರಟ. ರಾಜಮಾತೆಯಾದ ನಾನೂ ‘ಬರುತ್ತೇನೆ ಮಗಳೇ’ ಎಂದು ಅಂತಃಪುರಕ್ಕೆ ನಡೆದೆ.

ಹುಡುಗಿ ತನ್ನ ಇಂಗ್ಲಿಷಿನಲ್ಲಿ ಬಾಗಿಲು ತೆರೆದಳು, ದೀಪ ಹಚ್ಚಿದಳು, ರತ್ನಗಂಬಳಿ ಹಾಸಿದಳು, ಕಾಲು ತೊಳೆಯಲು ನೀರಿಟ್ಟಳು. ‘ನೋಡಿದ್ರಾ ಮರ್ಯಾದೆ, ಹೋಗೋರಿಗೂ ಎಷ್ಟು ಉಪಚಾರ!’ ಎಂದು ನಾನು ಮಿಸೆಸ್ ಲೋಬೋಗೆ ಫೋನು ಮಾಡಿ ಕಣ್ಣೊರೆಸಿಕೊಂಡೆ. ಆಮೇಲೆ ಅರಮನೆಯಲ್ಲಿ ಸದ್ದಿಲ್ಲ. ಮುಂದಿನ ಮಾತು ಹೊಸಬಳದು ಎಂದು ನಾವು ಕಾದೆವು. ವಾರ ಕಳೆಯಿತು. ‘ಇವಳೂ ಓಡಿಹೋದ್ಲು ಮೇಡಂ’ ಎಂದರು ಶ್ರೀಧರ್, ಆಗಲೇ ಬೀಗ ಕೈಯಲ್ಲಿ ಹಿಡಿದವರ ಧ್ವನಿಯಲ್ಲಿ.

ನಾನು ಬಿಡುವವಳೇ? ಕೆಳಗೆ ತಮಿಳು ಮುಸ್ಲಿಮರು ನಡೆಸುವ ಮಾಮಾಕ್ ಹೋಟೆಲಿನಲ್ಲಿ ರೊಟ್ಟಿ ತಿನ್ನುತ್ತಿದ್ದವಳನ್ನು ಹಿಡಿದು, ‘ಯಾಕಮ್ಮ, ಆಟ ಬಿಟ್ಟುಬಿಟ್ಯಾ?’ ಎಂದೆ. ಅವಳ ಮುಖ ಚಿಕ್ಕದಾಯಿತು.

‘ನಾನೆಲ್ಲಿ ಬಿಟ್ಟೆ ಆಂಟಿ? ಐ ಆಮ್ ವೇಟಿಂಗ್. ಎವ್ರಿಬಡಿ ಸೇ ಬರ್ತೀನಿ, ನೋಬಡಿ ಕಮ್. ನಾನು ಹೊಸಬಳು ಅಂತಾನಾ?’

ನನಗೆ ಮೊದಲು ಅರ್ಥವಾಗಲಿಲ್ಲ, ಅರ್ಥವಾದ ಮೇಲೆ ನಗು ತಡೆಯಲಾಗಲಿಲ್ಲ. ಹೊರಡುವಾಗ ‘ಹೋಗ್ತೀನಿ’ ಎನ್ನುವುದು ಅಪಶಕುನ, ಅದಕ್ಕೇ ‘ಬರ್ತೀನಿ’ ಅನ್ನೋದು ಎಂದು ವಿವರಿಸಿದೆ. ಅವಳ ಮನೆಯಲ್ಲಿ ಅಮ್ಮ ‘ಬೈ ಬೈ ಓಕೆ ಬೈ’ ಎನ್ನುತ್ತಾಳಂತೆ. ‘ಪಕ್ಕದ ಮನೆ ತಮಿಳು ಆಂಟಿ ಪೋಯಿಟ್ಟು ವರೇನ್ ಅಂತಾರೆ. ಅಟ್ ಲೀಸ್ಟ್ ಅದ್ರಲ್ಲಿ ಪೋ, ಅಂದ್ರೆ ಗೋ, ಇದೆ ಲಾ! ನಿಮ್ದ್ರಲ್ಲಿ ಹೋಗೋದೇ ಇಲ್ಲ’ ಎಂದಳು. ಮತ್ತೆ ನಕ್ಕೆ. ನಗುತ್ತಿದ್ದಂತೆ ಹಿಂದೆ ಓಡಿಹೋದ ಹೊಸಬರ ನೆನಪಾಯಿತು. ಅವರಲ್ಲಿ ಹೆಚ್ಚಿನವರು ಇವಳಂತೆ ಇಲ್ಲೇ ಬೆಳೆದ ಮಕ್ಕಳು. ಎಲ್ಲರಿಗೂ ‘ಬರುತ್ತೇನೆ’ ಎಂದೇ ಬೆನ್ನು ತಿರುಗಿಸಿದ್ದೆ. ಅವರು ಓಡಿರಲಿಲ್ಲ, ಕಾದಿದ್ದರು. ಕಾದು ಕಾದು ಬೇಡವಾದೆವೆಂದುಕೊಂಡು ಹೋಗಿದ್ದರು.

ಅಂದೇ ತುರ್ತು ಸಭೆ ಕರೆದು, ಇನ್ನು ಮೇಲೆ ಅರಮನೆಯಿಂದ ಹೊರಡುವವರು ‘ಹೋಗುತ್ತೇನೆ’ ಎನ್ನತಕ್ಕದ್ದು ಎಂದು ರಾಜಾಜ್ಞೆ ಹೊರಡಿಸಿದೆ. ಶ್ರೀಧರ್ ಹೌಹಾರಿದರು. ‘ಬಿಡ್ತು ಅನ್ನಿ ಮೇಡಂ! ನಮ್ಮಜ್ಜಿ ಕೇಳಿಸಿಕೊಂಡಿದ್ರೆ ಬಾಯಿಗೆ ಬರೆ ಹಾಕ್ತಿದ್ರು.’ ಮಿಸೆಸ್ ಲೋಬೋ, ‘ಎಂತದು ಮಾರಾಯ್ರೆ, ಹುಡುಗಿಗೆ ಅರ್ಥ ಆದ್ರೆ ಸಾಕಲ್ಲ? ಟಾಟಾ ಅಂತ ಬರೀವ’ ಎಂದರು. ಮೂರು ಕೋಟೆ ಗೆದ್ದ ದಂಡನಾಯಕ ಟಾಟಾ ಮಾಡುವುದು ನನಗೆ ಒಪ್ಪಿಗೆಯಾಗಲಿಲ್ಲ. ಜಗಳ ಮುಗಿಯುವ ಮೊದಲೇ ದ್ವಾರಪಾಲಕಿ ತೀರ್ಪು ಕೊಟ್ಟಳು. ಮರುದಿನ ಮಂತ್ರಿ ಅಭ್ಯಾಸಬಲದಿಂದ ‘ಬರುತ್ತೇನೆ’ ಎಂದು ಬರೆದದ್ದೇ ತಡ, ಅರಮನೆಯಲ್ಲಿ ಅವಳು ಬರೆದ ಮೊಟ್ಟಮೊದಲ ಕನ್ನಡ ಮಾತು ಬಿತ್ತು: ‘ಯಾವಾಗ?’

ಎಂಥ ಪ್ರಶ್ನೆ ನೋಡಿ! ಹುಟ್ಟಿದಂದಿನಿಂದ ‘ಬರ್ತೀನಿ’ ಎನ್ನುತ್ತ ಬಂದಿದ್ದೇನೆ. ಯಾವಾಗ ಎಂದು ಒಬ್ಬರೂ ಕೇಳಿರಲಿಲ್ಲ. ಮಂತ್ರಿ ತಡವರಿಸಿ ‘ಶುಕ್ರವಾರ’ ಎಂದರು, ಶುಕ್ರವಾರ ಮೀಟಿಂಗಿನಿಂದ ಎದ್ದು ಬಂದೂ ಬಂದರು. ಅಲ್ಲಿಂದ ಅರಮನೆ ಮತ್ತೆ ಅರಮನೆಯಾಯಿತು. ಅನಘಾ ಕಾಲೇಜಿನಿಂದ ತನ್ನಂತೆಯೇ ಕನ್ನಡದ ಮನೆಯ ಗೆಳತಿಯರನ್ನು ಕರೆತಂದಳು. ಅವರು ತಪ್ಪುತಪ್ಪಾದ ಕನ್ನಡದಲ್ಲಿ ಒಳ್ಳೊಳ್ಳೆಯ ಪಿತೂರಿ ಮಾಡುತ್ತಾರೆ. ಮುಚ್ಚುವ ಮಾತನ್ನು ಶ್ರೀಧರ್ ಈಗ ಎತ್ತುವುದಿಲ್ಲ.

ಇದೆಲ್ಲ ನನ್ನ ಮುಂದಾಳತ್ವದಲ್ಲೇ ಆದದ್ದೆಂದು ಬೇರೆ ಹೇಳಬೇಕಾಗಿಲ್ಲವಷ್ಟೆ. ಆದರೆ ಮೊನ್ನೆ ‘ನಾಳೆ ಬರುತ್ತೇನೆ’ ಎಂದು ಹೊರಟವಳು, ನೆಂಟರ ಗಡಿಬಿಡಿಯಲ್ಲಿ ಒಂದು ದಿನ ತಡವಾಗಿ ಹೋದೆ. ಬಾಗಿಲು ಮುಚ್ಚಿತ್ತು. ‘ತೆಗೆ ಮಗಳೇ, ನಾನು ರಾಜಮಾತೆ’ ಎಂದು ಗತ್ತಿನಿಂದ ಬರೆದೆ. ದ್ವಾರಪಾಲಕಿ ಕನ್ನಡದಲ್ಲೇ ಉತ್ತರಿಸಿದಳು, ಒಂದು ಕಾಗುಣಿತವೂ ತಪ್ಪಿರಲಿಲ್ಲ: ‘ರಾಜಮಾತೆ ಹೇಳಿದ ದಿನ ಬರುತ್ತಾರೆ. ನೀವು ಯಾರು, ಹೊಸಬರಾ?’

‘ಹೌದಮ್ಮ’ ಎಂದು ಬರೆದು ಹೊರಗೇ ನಿಂತೆ.