ಟ್ರಂಕ್ ಕಾಲ್ ಕೋರ್ಟು

ಕಾನೂನು ಪಾಠ ಮಾಡೋ ಮೇಷ್ಟ್ರ ಕ್ಲಾಸಿನಲ್ಲಿ ನಗೋದಕ್ಕೆ ಏನಿರುತ್ತೆ ಅಂತ ಜನ ಕೇಳ್ತಾರೆ. ಏನೂ ಎಡವಟ್ಟಾಗದೆ ಮುಗಿದ ಒಂದು ವಾರ ನನಗಂತೂ ನೆನಪಿಲ್ಲ. ಅದರಲ್ಲೂ ಎಂಬತ್ತರ ದಶಕದ ಶುರುವಿನಲ್ಲಿ, ಸಾಗರದ ಒಂದು ಕಾಲೇಜಿನಲ್ಲಿ ಟೆಂಪರರಿ ಮೇಷ್ಟ್ರಾಗಿದ್ದಾಗ, ಫೋನಿನಲ್ಲಿ ಕೋರ್ಟು ನಡೆಸ್ತೀನಿ ಅಂತ ಹೊರಟೆನಲ್ಲ, ಆ ಕಾಲದ್ದಂತೂ ಕೇಳಲೇಬೇಡಿ. ಬೇಡ ಅಂದರೂ ನಾನು ಹೇಳೋನೇ.

೧. ವಾದ ಅಂದರೆ ಹೀಗಿರಬೇಕು

ನಾನು ಮೊದಲಿಂದಲೂ ಕೂತಲ್ಲಿ ಕೂರೋ ಪ್ರಾಣಿಯಲ್ಲ. ಹುಡುಗರು ಗೈಡು ಉರುಹೊಡೆದು ಸೆಕ್ಷನ್ನು ಒಪ್ಪಿಸೋದನ್ನ ಕೇಳಿ ಕೇಳಿ ಮೈಯೆಲ್ಲಾ ಪರಚಿಕೊಳ್ಳೋ ಹಾಗಾಗ್ತಿತ್ತು. ಇವರ ಕೈಲಿ ಅಣಕು ಕೋರ್ಟಿನಲ್ಲಿ ವಾದ ಮಾಡಿಸಿ ಬೆವರಿಳಿಸಬೇಕು ಅಂತ ನನ್ನ ಹಠ. ಜಡ್ಜಾಗೋಕೆ ಒಬ್ಬರು ರಿಟೈರ್ಡ್ ಮುನ್ಸೀಫರು ಒಪ್ಪಿದರು. ಆದರೆ ಅವರಿದ್ದದ್ದು ತೀರ್ಥಹಳ್ಳಿಯಲ್ಲಿ. ಬಸ್ಸು ಹತ್ತಿದರೆ ಅವರಿಗೆ ಎರಡನೇ ತಿರುವಿಗೇ ವಾಂತಿ. "ಬೇಕಾದ್ರೆ ಫೋನಲ್ಲಿ ತೀರ್ಪು ಕೊಡ್ತೀನಪ್ಪ," ಅಂತ ತಮಾಷೆಗೆ ಅಂದರು. ನಾನು ಅದನ್ನೇ ಹಿಡಿದುಕೊಂಡೆ.

ನಮ್ಮ ಕಾಲೇಜಿನ ಯಜಮಾನರು ತೀರ್ಥಹಳ್ಳಿಯವರೇ. ಅಲ್ಲೂ ಅವರದೊಂದು ಕಾಲೇಜಿತ್ತು. ಅವರ ಆಫೀಸ್ ರೂಮಿನ ಫೋನಿನ ಮುಂದೆ ಮುನ್ಸೀಫರು ಮತ್ತು ಅಲ್ಲಿಯ ಹುಡುಗರು, ಈ ಕಡೆ ಸಾಗರದಲ್ಲಿ ನಾನು ಮತ್ತು ನನ್ನ ಹುಡುಗರು. ರಿಸೀವರಿಗೆ ಮೈಕು ಕಟ್ಟಿ, ಮದುವೆಮನೆಗಳಿಗೆ ಬಾಡಿಗೆ ಹೋಗೋ ಸ್ಪೀಕರಿಗೆ ಸೇರಿಸಿ, ಕ್ಲಾಸಿಗೆಲ್ಲಾ ಕೇಳೋ ಹಾಗೆ ಮಾಡಿದೆ. ಆಗೇನು ಡಯಲ್ ತಿರುಗಿಸಿದ ಕೂಡಲೇ ಹೋಗೋ ಫೋನಾ? ಟ್ರಂಕ್ ಕಾಲ್ ಬುಕ್ ಮಾಡಬೇಕು. ಹೊಸನಗರದ ಕಡೆಯ ಒಂದು ಸಣ್ಣ ಎಕ್ಸ್‌ಚೇಂಜಿನ ಆಪರೇಟರಮ್ಮ, ಊರಿನ ಹೆಸರು ಬೇಡ, ಎರಡೂ ಕಡೆಯ ಲೈನು ಸೇರಿಸಬೇಕು. ಲೈನು ಸರಿಯಿಲ್ಲದಿದ್ದರೆ ಈ ಕಡೆಯ ಮಾತನ್ನ ಆ ಕಡೆಗೆ ಆಕೆಯೇ ಹೇಳಬೇಕು.

ಮೊದಲ ಕೇಸು ಬೇಲಿ ಜಗಳದ್ದು. ನಮ್ಮ ಹುಡುಗ ಎದ್ದು ನಿಂತು, ಕೋಟಿನ ಗುಂಡಿ ಹಾಕಿಕೊಂಡು, "ಮಹಾಸ್ವಾಮಿಗಳೇ, ಸದರಿ ಪ್ರತಿವಾದಿಯು ದುರುದ್ದೇಶದಿಂದಲೂ, ಕಾನೂನುಬಾಹಿರವಾಗಿಯೂ, ನನ್ನ ಕಕ್ಷಿದಾರರ ಸ್ವಾಧೀನದಲ್ಲಿರುವ ಜಮೀನಿನ ಪೂರ್ವ ದಿಕ್ಕಿನ ಬೇಲಿಯನ್ನು..." ಅಂತ ಒಂದೇ ಉಸಿರಿನಲ್ಲಿ ಬಾರಿಸಿದ. ಸ್ಪೀಕರಿನಲ್ಲಿ ಬರೀ ಗೊರಗೊರ. ಮುನ್ಸೀಫರಿಗೆ ಒಂದಕ್ಷರ ಕೇಳಿಸಿಲ್ಲ. ನಡುವೆ ಆಪರೇಟರಮ್ಮನ ದನಿ ಬಂತು: "ಬೇಲಿ ಕಿತ್ತಿದಾನಂತೆ ಸಾರ್."

ಮುನ್ಸೀಫರು ಖುಷಿಯಾಗಿ ಕೂಗಿದ್ದು ಮಾತ್ರ ನಮಗೆ ಸ್ಪಷ್ಟವಾಗಿ ಕೇಳಿಸಿತು. "ಇಷ್ಟು ಚುಟುಕಾಗಿ ವಾದ ಮಾಡಿದ ವಕೀಲನ್ನ ನನ್ನ ಸರ್ವೀಸಿನಲ್ಲೇ ಕಂಡಿಲ್ಲ ಕಣ್ರಯ್ಯಾ. ನೂರಕ್ಕೆ ನೂರು!"

೨. ಗಂಡನ ಕಡೆಯ ವಕೀಲ

ಎರಡನೇ ಕೇಸು ಜೀವನಾಂಶದ್ದು. ಗಂಡ ಬಾಣಂತಿ ಹೆಂಡತಿಯನ್ನ ಮನೆಯಿಂದ ಹೊರಗೆ ಹಾಕಿದಾನೆ ಅಂತ ನಾನೇ ಕಟ್ಟಿದ ಕಥೆ. ಹೆಂಡತಿ ಪರವಾಗಿ ಸಾಗರದ ನಮ್ಮ ಹುಡುಗಿ, ಗಂಡನ ಪರವಾಗಿ ತೀರ್ಥಹಳ್ಳಿಯ ಹುಡುಗ.

ನಮ್ಮ ಹುಡುಗಿ ಮಾತಾಡುವಾಗ ಲೈನು ಗಂಟೆ ಹೊಡೆದಷ್ಟು ಸ್ಪಷ್ಟ. ಆ ಹುಡುಗ "ಮಹಾಸ್ವಾಮಿ" ಅಂದನೋ ಇಲ್ಲವೋ, ಟಕ್! ಲೈನ್ ಕಟ್. ಮತ್ತೆ ಸೇರಿಸಿದರು. ಮತ್ತೆ "ಮಹಾ..." ಟಕ್! ನನಗೆ ತಲೆ ಕೆಟ್ಟುಹೋಯಿತು. ಅತ್ತಿಂದಿತ್ತ ಓಡಾಡೋಣ ಅಂದರೆ ಫೋನಿನ ವೈರು ಗಿಡ್ಡ, ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಅಲ್ಲೇ ಸುತ್ತಿದೆ.

"ಏನಮ್ಮಾ ಇದು?"

"ಮಳೆ ಸಾರ್. ಲೈನ್ ಮೇಲೆ ಕೊಂಬೆ ಬಿದ್ದಿರ್ಬೇಕು."

"ನಮ್ಮ ಹುಡುಗಿ ಮಾತಾಡುವಾಗ ಬೀಳದ ಕೊಂಬೆ ಅವನು ಬಾಯಿ ಬಿಟ್ಟ ಕೂಡ್ಲೇ ಬೀಳುತ್ತಾ?"

ಆಪರೇಟರಮ್ಮ ಸಿಡಿದಳು. "ಅಲ್ಲ ಸಾರ್, ಬಾಣಂತೀನ ಹೊರಗೆ ಹಾಕಿದ ಮನುಷ್ಯ ಅವನು! ಅವನ ಕಡೆಯೋರ ಮಾತು ಬೇರೆ ನಾನು ಕೇಳ್ಬೇಕಾ?"

"ಅಮ್ಮಾ, ಆ ಗಂಡ ಇಲ್ಲವೇ ಇಲ್ಲ! ಪಾಠಕ್ಕೆ ಅಂತ ನಾನೇ ಹುಟ್ಟಿಸಿದ್ದು!"

"ಹಾಗಾದ್ರೆ ಇನ್ನೂ ಸ್ವಲ್ಪ ಒಳ್ಳೆಯವನ್ನ ಹುಟ್ಟಿಸ್ಬೇಕಿತ್ತು ಸಾರ್," ಅಂದಳು.

೩. ಗುಟ್ಟಿನ ಮಾತು

ಅಷ್ಟರಲ್ಲಿ ನಮ್ಮ ಫೋನ್ ಕೋರ್ಟನ್ನ ನೋಡೋಕೆ ಯೂನಿವರ್ಸಿಟಿ ಕಮಿಟಿ ಬರುತ್ತೆ ಅಂತ ಸುದ್ದಿ ಬಂತು. ಪ್ರಿನ್ಸಿಪಾಲರು ನನ್ನ ಕರೆದು ಹೇಳಿದರು: "ಕಮಿಟಿ ಒಪ್ಪಿದ್ರೆ ನಿಮ್ಮ ಕೆಲಸ ಕಾಯಂ. ಇಲ್ದಿದ್ರೆ ಫೋನಿನ ಜೊತೆ ನೀವೂ ಕಟ್." ನನಗೆ ಊಟ ಸೇರಲಿಲ್ಲ. ಮರುದಿನವೇ ಬಸ್ಸು ಹತ್ತಿ ಆ ಎಕ್ಸ್‌ಚೇಂಜಿಗೆ ಹೋದೆ.

ಆಪರೇಟರಮ್ಮ ನಡುವಯಸ್ಸಿನವಳು. ಕಿವಿಗೆ ಹೆಡ್‌ಫೋನು, ಮಡಿಲಲ್ಲಿ ಸುಲಿಯೋಕೆ ಅವರೆಕಾಯಿ. "ಎಂತ ಮೇಷ್ಟ್ರೇ, ಇಷ್ಟು ದೂರ ಬಂದ್ರಾ?" ಅಂತ ಸ್ಟೂಲು ಎಳೆದು ಕೊಟ್ಟಳು.

ನಾನು ಹೆಚ್ಚುಕಡಿಮೆ ಕಾಲಿಗೇ ಬಿದ್ದೆ. "ಅಮ್ಮಾ, ಅವತ್ತೊಂದು ದಿನ ನೀವು ತುಟಿ ಪಿಟಕ್ ಅನ್ನಬಾರದು. ನನ್ನ ಕೆಲಸದ ಪ್ರಶ್ನೆ."

"ಮದುವೆ ಆಗಿದ್ಯಾ?"

"ಟೆಂಪರರಿ ಮೇಷ್ಟ್ರಿಗೆ ಯಾರಮ್ಮಾ ಹೆಣ್ಣು ಕೊಡ್ತಾರೆ? ಬಂದ ಸಂಬಂಧಗಳೆಲ್ಲಾ ಕಾಯಂ ಆದ್ಮೇಲೆ ನೋಡೋಣ ಅಂತಾವೆ."

ಆಕೆಯ ಕಣ್ಣಲ್ಲಿ ನೀರೇ ಬಂತು. "ಅಯ್ಯೋ ಪಾಪ. ಆಯ್ತು ಮೇಷ್ಟ್ರೇ, ಒಂದು ಮಾತೂ ಆಡಲ್ಲ. ಈಗ ಹೇಳಿದ್ದೂ ನಮ್ಮಿಬ್ಬರಲ್ಲೇ ಇರ್ಲಿ."

ಸಮಾಧಾನವಾಗಿ ಸಾಗರಕ್ಕೆ ಬಂದು ಬಸ್ಸಿಳಿದೆ. ಸ್ಟ್ಯಾಂಡಿನಲ್ಲೇ ಪ್ರಿನ್ಸಿಪಾಲರು ಸಿಕ್ಕಿದರು. "ಏನ್ರೀ, ಹೆಣ್ಣು ಸಿಕ್ತಿಲ್ವಂತೆ?"

೪. ತೀರ್ಪು

ಕಮಿಟಿ ಬಂದ ದಿನ ನಾನು ಬೆಳಗ್ಗಿನಿಂದ ಕುರ್ಚಿ ಮುಟ್ಟಲಿಲ್ಲ. ಕಮಿಟಿಯ ಅಧ್ಯಕ್ಷರು ಗ್ರಂಥದ ಭಾಷೆಯಲ್ಲೇ ಮಾತಾಡೋ ದೊಡ್ಡ ಪ್ರೊಫೆಸರು. ಕೇಸು ಕೊಲೆಯದ್ದು. ಕವಲೇದುರ್ಗದ ಕೆಳಗಿನ ಗದ್ದೆಯ ನೀರಿನ ಜಗಳದಲ್ಲಿ ಒಬ್ಬ ಇನ್ನೊಬ್ಬನಿಗೆ ಹಾರೆಯಲ್ಲಿ ಹೊಡೆದ ಅಂತ ಕಥೆ. ಆರೋಪಿಯಾಗಿ ನಮ್ಮ ಹುಡುಗನೊಬ್ಬ ಬೆಂಚಿನ ಮೇಲೆ ನಿಂತಿದ್ದ, ಅದನ್ನ ನಾನು ಫೋನಿನಲ್ಲೂ ಸಾರಿದ್ದೆ.

ನಮ್ಮ ವಕೀಲ ಶುರುಮಾಡಿದ. ಲೈನಿನಲ್ಲಿ ಗೊರಗೊರ. "ಏನು? ಏನು?" ಅಂತ ಮುನ್ಸೀಫರು ದೂರದಲ್ಲಿ ಕೂಗ್ತಿದಾರೆ. ಇನ್ನೇನು ಆಪರೇಟರಮ್ಮ ಹೇಳ್ತಾಳೆ ಅಂತ ಕಾದೆ. ಸದ್ದೇ ಇಲ್ಲ. ಅಧ್ಯಕ್ಷರು ವಾಚು ನೋಡಿಕೊಂಡರು. ನನ್ನ ಅಂಗಿ ಬೆನ್ನಿಗೆ ಅಂಟಿಹೋಯಿತು.

"ಹೇಳಮ್ಮಾ!" ಅಂತ ಕಿರುಚಿದೆ.

"ತುಟಿ ಪಿಟಕ್ ಅನ್ಬಾರ್ದು ಅಂದಿದ್ರಲ್ಲ ಮೇಷ್ಟ್ರೇ?"

"ನಿಮ್ಮ ದಮ್ಮಯ್ಯ, ಮಾತಾಡಿ!"

ಶುರುಮಾಡಿದಳು ನೋಡಿ! ನಮ್ಮ ಮಾತು ಅವರಿಗೆ, ಅವರ ಮಾತು ನಮಗೆ, ಸಾಕ್ಷಿ ಅತ್ತಲ್ಲಿ ತಾನೂ ಅತ್ತು, ವಕೀಲ ಗದರಿದಲ್ಲಿ ತಾನೂ ಗದರಿ, ಇಡೀ ಕೋರ್ಟನ್ನ ಒಬ್ಬಳೇ ನಡೆಸಿದಳು. ಕೊನೆಗೆ ಮುನ್ಸೀಫರು ಏನೋ ಹೇಳಿದರು. ಆಪರೇಟರಮ್ಮ ಗಪ್‌ಚುಪ್.

"ತೀರ್ಪೇನಮ್ಮಾ?" ಅಂದೆ.

"ಬಿಟ್ಟುಬಿಡಿ ಅಂದ್ರು ಸಾರ್."

ದೂರದಿಂದ ಸಣ್ಣಗೆ ಮುನ್ಸೀಫರ ಕೂಗು ಬಂತು: "ಗಲ್ಲು! ನಾನು ಗಲ್ಲು ಅಂದದ್ದು!"

ಅಧ್ಯಕ್ಷರು ಕೆಂಡವಾದರು. ನನ್ನ ಕೈಯಿಂದ ರಿಸೀವರ್ ಕಿತ್ತುಕೊಂಡು, ಆ ಕಡೆ ಮುನ್ಸೀಫರ ಪಕ್ಕದಲ್ಲೇ ಕೂತಿದ್ದ ನಮ್ಮ ಯಜಮಾನರಿಗೆ ನೇರವಾಗಿ ಹೇಳಿದರು: "ಯಜಮಾನರೇ, ತಮ್ಮ ಉಪನ್ಯಾಸಕರಲ್ಲಿ ಉತ್ಸಾಹವೇನೋ ಇದೆ. ಆದರೆ ಇಂಥ ಅಶಿಸ್ತನ್ನು ಕಂಡ ಮೇಲೆ ಇವರನ್ನು ಕಾಯಂ ಮಾಡುವುದು ಉಚಿತವಲ್ಲ ಎಂಬುದು ಸಮಿತಿಯ ಅಭಿಪ್ರಾಯ."

ಆ ಕಡೆಯಿಂದ ಯಜಮಾನರು, "ಏನಂತೆ? ಕೇಳಿಸ್ಲಿಲ್ಲ!" ಅಂದರು.

"ಮೇಷ್ಟ್ರನ್ನ ಈಗ್ಲೇ ಕಾಯಂ ಮಾಡ್ಬೇಕಂತೆ ಯಜಮಾನ್ರೇ," ಅಂದಳು ಆಪರೇಟರಮ್ಮ.

"ಓಹೋ! ಅಷ್ಟು ದೊಡ್ಡೋರು ಹೇಳಿದ್ಮೇಲೆ ಮುಗೀತು. ಇವತ್ತೇ ಆರ್ಡರ್ ಮಾಡ್ತೀನಿ!"

"ಏಯ್! ನಾನೆಲ್ಲಿ ಹಾಗಂದೆ?" ಅಂತ ಅಧ್ಯಕ್ಷರು ಹಾರಿಬಿದ್ದರು.

"ಟೈಮಾಯ್ತು ಸಾರ್." ಟಕ್!

ಅಧ್ಯಕ್ಷರು ರಿಸೀವರನ್ನ ನೋಡಿದರು, ನನ್ನನ್ನ ನೋಡಿದರು. ಆಮೇಲೆ ಎಲ್ಲಿತ್ತೋ, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಈ ತೀರ್ಪಿಗೆ ಅಪೀಲು ಎಲ್ಲಿ ಹಾಕೋದ್ರೀ? ಹೋಗ್ಲಿ, ಕಾಯಂ ಆಗಿ!" ನನಗೆ ನಗು, ಅಳು ಎರಡೂ ಒಟ್ಟಿಗೇ ಬಂತು.

ಅಷ್ಟರಲ್ಲಿ ಫೋನು ಮತ್ತೆ ಹೊಡೆದುಕೊಂಡಿತು. ಎತ್ತಿದೆ. ಸ್ಪೀಕರ್ ಇನ್ನೂ ಆನ್ ಇತ್ತು.

"ಮೇಷ್ಟ್ರೇ, ನಿಮ್ಮ ಕೆಲಸ ನಾನು ಉಳಿಸಿಕೊಟ್ಟೆ. ಬೆಂಚಿನ ಮೇಲೆ ನಿಲ್ಸಿದೀರಲ್ಲ ಆ ಹುಡುಗ, ಅವನ ಜೀವ ಈಗ ನೀವು ಉಳಿಸಿ."